ಅಡ್ಡ ಬೆಲ್ಟಿನ ಕಾರು

ಯಾರೋ ಹೇಳಿದರೆಂಬ ಒಂದೇ ಕಾರಣಕ್ಕೆ ಯಾವುದನ್ನಾದರೂ ನಂಬುವುದು ನನ್ನಿಂದ ಆಗದ ಕೆಲಸ. ಇದು ಗುಣವೆಂದು ನಾನೂ, ಕಾಯಿಲೆಯೆಂದು ನನ್ನ ಹೆಂಡತಿ ಜಯಮ್ಮನೂ ಮದುವೆಯಾದಂದಿನಿಂದ ವಾದಿಸುತ್ತ ಬಂದಿದ್ದೇವೆ. ಹಸಿದು ಬಂದ ರಾಜನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದಲೇ ನಮ್ಮೂರಿಗೆ ಬೆಂಗಳೂರೆಂಬ ಹೆಸರು ಬಂತು ಎಂದು ಮೇಷ್ಟರು ಪಾಠ ಮಾಡಿದಾಗ, ಯಾವ ಕಾಳು, ಅದಕ್ಕೆ ಉಪ್ಪು ಹಾಕಿದ್ದಳೇ ಎಂದು ಕೇಳಿ ತರಗತಿಯ ಹೊರಗೆ ನಿಂತವನು ನಾನು. ನನ್ನ ಶಾಲೆ ಮಿಡ್ಲ್ ಸ್ಕೂಲಿಗೇ ಮುಗಿಯಿತು. ಉಳಿದ ವಿದ್ಯೆಯನ್ನೆಲ್ಲ ಫುಟ್‌ಪಾತಿನ ಹಳೆಯ ಪುಸ್ತಕಗಳ ರಾಶಿಯಿಂದ ನಾನೇ ಹೆಕ್ಕಿಕೊಂಡೆ. ಆ ಪುಸ್ತಕಗಳನ್ನೂ ನಾನು ನಂಬಿದೆನೆಂದು ತಿಳಿಯಬೇಡಿ. ಡಾಕ್ಟರು ನನಗೆ ಜ್ವರವಿದೆಯೆಂದರೆ, ಮನೆಗೆ ಬಂದು ಥರ್ಮಾಮೀಟರನ್ನು ಮೊದಲು ಜ್ವರವಿಲ್ಲದ ಜಯಮ್ಮನ ಬಾಯಿಗಿಟ್ಟು, ಅದು ಸತ್ಯ ಹೇಳುತ್ತದೆಯೇ ಎಂದು ಪರೀಕ್ಷಿಸಿಯೇ ನಾನು ಮಾತ್ರೆ ನುಂಗುವುದು.

ಪದ್ಮನಾಭನಗರದಲ್ಲಿರುವ ನಮ್ಮ ಮನೆಯ ಪಕ್ಕದ ಶೆಡ್ಡಿನಲ್ಲಿ ನನ್ನ ತಂದೆ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಅವರ ನಂತರ ನಾನು ನಡೆಸಿದೆ. ಸುತ್ತಲಿನ ಬೀದಿಗಳ ರಾಗಿಯೆಲ್ಲ ನಮ್ಮ ಕಲ್ಲಿನ ಕೆಳಗೆ ಹಾದುಹೋದ ಕಾಲವೊಂದಿತ್ತು. ಆಮೇಲೆ ಪ್ಯಾಕೆಟ್ಟಿನ ಹಿಟ್ಟು ಬಂತು. ತೊಂಬತ್ತರ ದಶಕ ಮುಗಿಯುವಷ್ಟರಲ್ಲಿ, ಡಬ್ಬ ಹಿಡಿದು ಸಾಲಿನಲ್ಲಿ ನಿಲ್ಲುವುದು ಜನರಿಗೆ ನಾಚಿಕೆಯ ಸಂಗತಿಯಾಯಿತು. ಗಿರಣಿ ನಿಂತಿತು. ಶೆಡ್ಡಿನಲ್ಲಿ ಉಳಿದದ್ದು ಬೀಸುವ ಕಲ್ಲು, ಅದನ್ನು ತಿರುಗಿಸುತ್ತಿದ್ದ ಡೀಸೆಲ್ ಇಂಜಿನ್, ಎರಡನ್ನೂ ಜೋಡಿಸುತ್ತಿದ್ದ ಅಗಲವಾದ ಬೆಲ್ಟು ಮತ್ತು ದಿನಕ್ಕೊಮ್ಮೆ ಬಾಗಿಲು ತೆರೆದು ಸುಮ್ಮನೆ ಕೂರುವ ನಾನು.

ಆ ಜಾಗದಲ್ಲಿ ಎರಡು ರೂಮು ಕಟ್ಟಿಸಿ ಬಾಡಿಗೆಗೆ ಕೊಡಬೇಕೆಂಬುದು ಜಯಮ್ಮನ ಯೋಜನೆ. ನಮ್ಮ ಮಹಡಿಯ ರೂಮಿನಲ್ಲಿದ್ದ ಬಾಗಲಕೋಟೆ ಕಡೆಯ ಬಸವರಾಜ, ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನ ಆಫೀಸಿನಲ್ಲಿ ಕೆಲಸ ಮಾಡುವವನು, ತನ್ನ ಗೆಳೆಯರನ್ನು ಕರೆತರಲು ತುದಿಗಾಲಲ್ಲಿ ನಿಂತಿದ್ದ. ಯೋಜನೆ ಎಲ್ಲ ರೀತಿಯಿಂದಲೂ ವಿವೇಕದ್ದೇ. ವಿವೇಕವನ್ನು ನೇರವಾಗಿ ಎದುರಿಸುವುದು ಕಷ್ಟ; ಶೆಡ್ಡಿಗೆ ಬೇರೊಂದು ಉದ್ಯೋಗ ಹುಡುಕುವುದೇ ಉಪಾಯವೆಂದು ನನಗೆ ತೋರಿತು.

ಉದ್ಯೋಗ ಸಿಕ್ಕಿದ್ದು ಅದೇ ಫುಟ್‌ಪಾತಿನಲ್ಲಿ. ಒಂದು ಹಳೆಯ ವಿದೇಶಿ ಪತ್ರಿಕೆಯಲ್ಲಿ, ಮುಚ್ಚಳವಿಲ್ಲದ ಇಂಜಿನ್ನನ್ನು ಹೊರಗೆ ಚಾಚಿಕೊಂಡು ನಿಂತ ಕಾರಿನ ಚಿತ್ರವಿತ್ತು. ಹಳೆಯ ಕಾರನ್ನು ಬಿಚ್ಚಿ, ಬೇರೆ ಇಂಜಿನ್ ಕೂರಿಸಿ, ಮನೆಯಲ್ಲೇ ಹೀಗೆ ಕಟ್ಟುತ್ತಾರಂತೆ. ಹಾಟ್ ರಾಡ್ ಎಂದು ಕರೆಯುತ್ತಾರಂತೆ. ಇಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸಲು ಗೇರ್ ಬಾಕ್ಸು ಬೇಕೇ ಬೇಕು ಎಂದು ಅದರಲ್ಲಿ ಬರೆದಿತ್ತು. ಬೇಕೇ ಬೇಕು ಎಂಬ ಮಾತು ಕಂಡರೆ ನನಗೆ ಮೈ ಉರಿಯುತ್ತದೆ. ಇಷ್ಟು ವರ್ಷ ಅಷ್ಟು ಭಾರದ ಕಲ್ಲನ್ನು ತಿರುಗಿಸಿದ ನಮ್ಮ ಬೆಲ್ಟು ನಾಲ್ಕು ಚಕ್ರವನ್ನು ಎಳೆಯಲಾರದೇ?

ಗೊಟ್ಟಿಗೆರೆಯ ಗುಜರಿಯಿಂದ ಇಂಜಿನ್ನಿಲ್ಲದ ಕಾರೊಂದು ಬಂತು. ಅದರ ಮೂತಿಯೊಳಗೆ ಗಿರಣಿಯ ಇಂಜಿನ್ನನ್ನು ಕೂರಿಸಿದೆ. ಹಿಂದಿನ ಅಚ್ಚಿಗೆ ದೊಡ್ಡದೊಂದು ರಾಟೆ ಬಿಗಿದು, ಅಲ್ಲಿಂದ ಇಂಜಿನ್ನಿನವರೆಗೆ ಕಾರಿನ ಉದ್ದಕ್ಕೂ ಬೆಲ್ಟು ಎಳೆದೆ. ಒಂದು ಸನ್ನೆಕೋಲನ್ನು ಮುಂದಕ್ಕೆ ತಳ್ಳಿದರೆ ಬೆಲ್ಟು ಬಿಗಿಯಾಗಿ ಕಾರು ಹೊರಡಬೇಕು. ಹಿಂದಕ್ಕೆಳೆದರೆ ಸಡಿಲವಾಗಿ ನಿಲ್ಲಬೇಕು. ಗೇರಿಲ್ಲ, ಕ್ಲಚ್ಚಿಲ್ಲ, ರಿವರ್ಸಿಲ್ಲ. ಹಿಂದಕ್ಕೆ ಹೋಗಬೇಕಾದರೆ ಇಳಿದು ತಳ್ಳಿದರಾಯಿತು ಎಂದು ಆಗ ಬಹಳ ಧೈರ್ಯದಿಂದ ಹೇಳಿದ್ದೆ.

ಜಯಮ್ಮ ಇದೆಲ್ಲವನ್ನೂ ಅಕ್ಕಿ ಆರಿಸುತ್ತ ನೋಡಿದಳು. ಕೊನೆಗೆ ಒಂದು ದಿನ ತೀರ್ಪಿನಂತೆ ನುಡಿದಳು: "ರೀ, ಆಯುಧಪೂಜೆ ದಿನ ಇದು ತಾನಾಗೇ ದಿಣ್ಣೆ ಹತ್ತಿ ಗಣೇಶನ ಗುಡಿ ಮುಂದೆ ನಿಂತ್ರೆ ಶೆಡ್ಡು ನಿಮ್ದು. ನಿಲ್ಲಲಿಲ್ಲ ಅಂದ್ರೆ ಹಬ್ಬ ಮುಗೀತಿದ್ದ ಹಾಗೇ ಮೇಸ್ತ್ರಿ ಬರ್ತಾರೆ. ಆಮೇಲೆ ವಾದ ಮಾಡೋ ಹಾಗಿಲ್ಲ."

ಹಬ್ಬಕ್ಕೆ ಮುಂಚೆ ಓಡಿಸಿ ನೋಡಿದಾಗ ಸಮತಟ್ಟಾದ ಬೀದಿಯಲ್ಲಿ ಕಾರು ಗೌರವದಿಂದಲೇ ಚಲಿಸಿತು. ದಿಣ್ಣೆಯ ಬುಡಕ್ಕೆ ಬಂದೊಡನೆ ಬೆಲ್ಟು ಜಾರತೊಡಗಿತು. ಇಂಜಿನ್ನು ಡಬಡಬ ಬಡಿದುಕೊಳ್ಳುತ್ತಿದೆ, ಸುಟ್ಟ ರಬ್ಬರಿನ ವಾಸನೆ ಎದ್ದಿದೆ, ಚಕ್ರ ಮಾತ್ರ ಕದಲದು. ಆಫೀಸಿನಿಂದ ಬರುತ್ತಿದ್ದ ಬಸವರಾಜ ನಿಂತು ನೋಡಿ, "ಕಾಕಾರ, ಇಂಜಿನ್ ಒದರಾಕತ್ತೈತ್ರಿ, ಗಾಡಿ ಸುಮ್ನ ನಿಂತೈತ್ರಿ. ಇಬ್ಬರೂ ಮಾತು ಬಿಟ್ಟಾರೇನ್ರೀ?" ಎಂದು ಕೇಳಿದ. ಬೆಲ್ಟಿಗೆ ರಾಳ ಸವರಿದೆ, ಮತ್ತಷ್ಟು ಬಿಗಿದೆ. ಅವರಿಬ್ಬರೂ ರಾಜಿಯಾಗಲಿಲ್ಲ.

ಹಬ್ಬದ ಹಿಂದಿನ ದಿನ ತಂದೆಯ ಮಾತು ನೆನಪಾಯಿತು. ನಮ್ಮ ಗಿರಣಿಯಲ್ಲಿ ಬೆಲ್ಟು ನೇರವಾಗಿರಲಿಲ್ಲ. ನಡುವೆ ಒಮ್ಮೆ ತಿರುಚಿ, ಎಂಟು ಅಂಕೆಯ ಹಾಗೆ ಅಡ್ಡ ಹಾಕಿದ್ದರು. ಅದೇಕೆಂದು ಚಿಕ್ಕಂದಿನಲ್ಲಿ ನಾನು ಕೇಳಿದ್ದಕ್ಕೆ, "ಅಡ್ಡ ಹಾಕಿದ್ರೆ ಹಿಡಿತ ಜಾಸ್ತಿ ಕಣೋ" ಎಂದಿದ್ದರು. ಕೂಡಲೇ ಕಾರಿನ ಬೆಲ್ಟನ್ನು ಅಡ್ಡ ಹಾಕಿದೆ. ಹಿಂದಿನ ಚಕ್ರಗಳನ್ನು ಕಲ್ಲುಗಳ ಮೇಲೆ ಎತ್ತಿ ನಿಲ್ಲಿಸಿ ಇಂಜಿನ್ ಚಾಲು ಮಾಡಿದರೆ, ಮರದ ತುಂಡನ್ನು ಒತ್ತಿ ಹಿಡಿದರೂ ಚಕ್ರ ನಿಲ್ಲದು! ಅದು ತಿರುಗುತ್ತಿದೆಯೆಂಬ ಸಂತೋಷದಲ್ಲಿ, ಯಾವ ಕಡೆಗೆ ತಿರುಗುತ್ತಿದೆಯೆಂದು ನೋಡುವ ಗೊಡವೆಗೆ ನಾನು ಹೋಗಲಿಲ್ಲ.

ಮರುದಿನ ಕಾರನ್ನು ತಳ್ಳಿಕೊಂಡು ಬಂದು ಗೇಟಿನ ಹೊರಗೆ, ದಿಣ್ಣೆಗೆ ಮುಖ ಮಾಡಿ ನಿಲ್ಲಿಸಿದೆವು. ಮೂತಿಗೆ ಬಾಳೆಕಂದು, ಚೆಂಡುಹೂವಿನ ಹಾರ. ಭಟ್ಟರು ಮಂಗಳಾರತಿ ಮಾಡಿ, ನಾಲ್ಕು ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟು, ಇನ್ನು ಹೊರಡಬಹುದೆಂದು ಸನ್ನೆ ಮಾಡಿದರು. ನಾನು ಕುಲದೇವರನ್ನು ನೆನೆದು ಸನ್ನೆಕೋಲು ತಳ್ಳಿದೆ. ಕಾರು ಘನತೆಯಿಂದ ಹಿಂದಕ್ಕೆ ಹೊರಟಿತು. ನಿಂಬೆಹಣ್ಣುಗಳು ಕುಳಿತಲ್ಲಿಯೇ ಕುಳಿತು ನನ್ನನ್ನು ಬೀಳ್ಕೊಟ್ಟವು.

"ಕಾಕಾರ, ಪೂಜಿ ಮುಂದ ನಡದೈತ್ರಿ. ನೀವು ಎತ್ತಾಗ ಹೊಂಟೀರಿ?" ಎಂದ ಬಸವರಾಜ.

ಜಯಮ್ಮನ ಕಣ್ಣು ಶೆಡ್ಡಿನ ಕಡೆ ಹೋಗಿ ಬಂತು. ಮೇಸ್ತ್ರಿಯ ಕರಣೆಯ ಸದ್ದು ನನಗಾಗಲೇ ಕೇಳಿಸತೊಡಗಿತ್ತು. ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಎರಡೇ ದಾರಿ: ಸೋಲೊಪ್ಪುವುದು ಅಥವಾ ಸಿದ್ಧಾಂತವೊಂದನ್ನು ಮಂಡಿಸುವುದು. ಕಾರಿಗೆ ಮೂತಿಯಿರುವ ಕಡೆಯೇ ಮುಂಭಾಗವೆಂದು ಯಾರು ಹೇಳಿದರು, ಹೋಗುವ ದಿಕ್ಕೇ ಮುಂಭಾಗವಲ್ಲವೇ ಎಂದು ಭಟ್ಟರನ್ನು ಕೇಳಿದೆ. ಅವರು ಗಡಿಯಾರ ನೋಡಿಕೊಂಡು, "ನಿಂಬೆಹಣ್ಣು ಹಿಂದಕ್ಕೆ ಇಡಿ. ಚಕ್ರದ ಕೆಳಗೆ ಸಿಕ್ಕಿದ್ರೆ ಸಾಕು. ನನಗೆ ಇನ್ನೂ ನಾಕು ಮನೆ ಗಾಡಿ ಪೂಜೆ ಬಾಕಿ ಇದೆ" ಎಂದರು. ಇದಕ್ಕೆ ಯಾವ ಶಾಸ್ತ್ರದಲ್ಲಿ ಆಧಾರವಿದೆಯೆಂದು ನಾನು ಜೀವನದಲ್ಲಿ ಮೊದಲ ಬಾರಿಗೆ ಕೇಳಲಿಲ್ಲ.

ಎಲ್ಲರೂ ಸೇರಿ ಕಾರನ್ನು ತಿರುಗಿಸಿ, ಅದರ ಬೆನ್ನು ದಿಣ್ಣೆಯ ಕಡೆಗೆ ಬರುವಂತೆ ನಿಲ್ಲಿಸಿದರು. ಸನ್ನೆಕೋಲು ತಳ್ಳಿದೆ. ಪಟಪಟನೆ ನಾಲ್ಕು ನಿಂಬೆಹಣ್ಣೂ ಒಡೆದವು. ಬಸವರಾಜ ಕಾರಿಗಿಂತ ಮುಂದೆ, ಅಂದರೆ ಅದರ ಹಿಂದೆ, ಟವೆಲ್ ಬೀಸಿ ಜನರನ್ನು ಸರಿಸುತ್ತ ನಡೆದ. ಬೆಲ್ಟು ಒಂದಿಷ್ಟೂ ಜಾರಲಿಲ್ಲ. ನಮ್ಮ ತಂದೆ ಹೇಳಿದ ಹಿಡಿತ ಅದರಲ್ಲಿ ನಿಜವಾಗಿಯೂ ಇತ್ತು. ಮೂತಿಯನ್ನು ಮುಂದಿಟ್ಟು ಏರುವವನಿಗೆ ಬಿಟ್ಟುಬಂದವರ ಮುಖ ಕಾಣಿಸುವುದಿಲ್ಲ. ನನಗೆ ದಾರಿಯುದ್ದಕ್ಕೂ ಕಂಡಿತು. ಗೇಟಿನ ಬಳಿ ಜಯಮ್ಮ ಮೊದಲು ಸೆರಗು ಬಾಯಿಗೊತ್ತಿಕೊಂಡಳು, ಆಮೇಲೆ ಅದನ್ನೂ ಬಿಟ್ಟು ನಕ್ಕಳು, ಕೊನೆಗೆ ಪ್ರಸಾದದ ತಟ್ಟೆ ಹಿಡಿದು ನನ್ನ ಹಿಂದೆಯೇ ದಿಣ್ಣೆ ಹತ್ತತೊಡಗಿದಳು.

ಗುಡಿಯ ಮುಂದೆ ಕಾರು ನಿಂತಿತು. ಮೂತಿ ಮೊದಲು ಬರಬೇಕೆಂದು ನೀನು ಹೇಳಿರಲಿಲ್ಲ ಎಂದು ನಾನು ವಾದ ಆರಂಭಿಸುವಷ್ಟರಲ್ಲಿ ಜಯಮ್ಮ ತಡೆದಳು.

"ಶೆಡ್ಡು ನೀವೇ ಇಟ್ಕೊಳ್ಳಿ. ಆದ್ರೆ ಆ ಇಂಜಿನ್ನನ್ನ ತಿರುಗಿಸಿ ಕೂರಿಸಿ, ಮುಂದಕ್ಕೆ ಹೋಗುತ್ತೆ. ಮಾವನವರು ಗಿರಣೀಲೂ ಅದನ್ನ ಹಿಂದುಮುಂದಾಗಿ ಕೂರಿಸಿಬಿಟ್ಟಿದ್ರಂತೆ. ಗಾರೆ ಗಟ್ಟಿಯಾದ್ಮೇಲೆ ನೋಡಿದ್ರೆ ಕಲ್ಲು ಉಲ್ಟಾ ತಿರುಗ್ತಿತ್ತಂತೆ. ಕೀಳೋಕಾಗ್ದೆ, ದಿಕ್ಕು ಬದಲಾಗ್ಲಿ ಅಂತ ಬೆಲ್ಟನ್ನೇ ಅಡ್ಡ ಹಾಕಿದ್ರು. ಹಿಡಿತ ಗಿಡಿತ ಎಲ್ಲಾ ನಿಮಗೆ ಹೇಳಿದ ಕಥೆ. ಅತ್ತೆಯೇ ಹೇಳಿದ್ರು."

ರಾಜನ ಬೆಂದ ಕಾಳಿಗೆ ಉಪ್ಪು ಕೇಳಿದವನು, ಥರ್ಮಾಮೀಟರಿಗೇ ಪರೀಕ್ಷೆ ಒಡ್ಡಿದವನು, ಅಷ್ಟು ವರ್ಷ ದಿನವೂ ಕಣ್ಣೆದುರು ತಿರುಗಿದ ಬೆಲ್ಟಿನ ವಿಷಯದಲ್ಲಿ ಮಾತ್ರ ಅಪ್ಪ ಹೇಳಿದರೆಂದು ಸುಮ್ಮನಿದ್ದೆ. ಅಮ್ಮ ಹೇಳಿದ್ದು ನಿಜವೆಂಬುದಕ್ಕೆ ಏನು ಸಾಕ್ಷಿ ಎಂದು ಕೇಳಿದೆ. ಜಯಮ್ಮ ಕಾರಿನ ಬಾಗಿಲು ತೆರೆದು ಒಳಗೆ ಕುಳಿತು, ಸೀಟು ಚುಚ್ಚುತ್ತದೆ, ಒಂದು ಹೊದಿಕೆ ಹೊಲಿಯಬೇಕು ಎಂದಳು.

ಈಗ ಶೆಡ್ಡಿನಲ್ಲಿ ಕುಳಿತು ಇಂಜಿನ್ನಿನ ಬೋಲ್ಟುಗಳನ್ನು ಬಿಚ್ಚುತ್ತಿದ್ದೇನೆ. ಹೆಂಡತಿ ಹೇಳಿದಳೆಂದು ಖಂಡಿತ ಅಲ್ಲ. ಅವಳ ಮಾತು ಸುಳ್ಳೆಂದು ತೋರಿಸಲು ಬೇರೆ ದಾರಿಯಿಲ್ಲದ್ದರಿಂದ. ಅದು ಸುಳ್ಳಾಗದಿರಲೆಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೇನೆಂಬುದನ್ನು ಓದುಗರು ದಯವಿಟ್ಟು ನಂಬಬಾರದು.