ಬಾನೆಟ್ಟಿನೊಳಗಿನ ಕಟಕಟ

ಈ ಮನೆಯ ಕಾರಿನ ಬಾನೆಟ್ಟನ್ನು ಇನ್ನು ಮುಂದೆ ಅನ್ಯರ ಕೈ ಸೋಕಕೂಡದು! ಹೀಗೆಂದು ನಾನು ಘೋರ ಶಪಥ ಮಾಡಿದಾಗ ಹೆಂಡತಿ ಬಟ್ಟೆ ಮಡಚುತ್ತಿದ್ದಳು.

"ಮನೆಯ ಕಾರಲ್ಲ ರೀ, ನನ್ನ ಕಾರು," ಎಂದಳು.

ನಿಜ. ಅವಳು ಡ್ರೈವಿಂಗ್ ಕಲಿಸುವವಳು, ಆ ಕಾರೇ ಅವಳ ಪಾಠಶಾಲೆ. ನಾನೋ, ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಲೋಕದ ಮೇಲೆ ಹರಿಹಾಯುವವನು. ಸೋಮವಾರ ಬೆಳಿಗ್ಗೆ ಅವಳ ಶಿಷ್ಯೆ ಟೈಲರಮ್ಮನಿಗೆ ಲೈಸೆನ್ಸ್ ಪರೀಕ್ಷೆ. ಪಾಸಾದರೆ ಶಾಲೆಯ ವ್ಯಾನ್ ಓಡಿಸುವ ಕೆಲಸ ಖಾತ್ರಿ. ಆದರೆ ಆಕೆಗೆ ಈ ಕಾರಿನ ಕ್ಲಚ್ಚು ಮಾತ್ರ ಒಗ್ಗಿದೆ. ಬೇರೆ ಯಾವ ಕಾರು ಹತ್ತಿದರೂ ಅದು ಕಪ್ಪೆಯಂತೆ ಕುಪ್ಪಳಿಸುತ್ತದೆ.

ಇಂಥ ಕಾರಿಗೆ ರೋಗ ತಗುಲಿತ್ತು. ನಾನು ಹತ್ತಿದಾಗಲೆಲ್ಲ ಕಟಕಟ ಸದ್ದು. ಸಿಗ್ನಲ್ಲಿನಲ್ಲಿ ಕಾದರೆ ಕಟಕಟ. ಯಾವನಾದರೂ ಅಡ್ಡ ನುಗ್ಗಿದರೆ ಕಟಕಟಕಟ. ಬೀದಿ ತುದಿಯ ನೀಲಿ ಷಟರಿನ ಗ್ಯಾರೇಜಿಗೆ ಒಯ್ದೆ. ಗ್ಯಾರೇಜಿನವರು ತಾವೊಬ್ಬರೇ ಒಂದು ಸುತ್ತು ಓಡಿಸಿ ಬಂದು, "ಇಂಜಿನ್ ಹಾಲು ಕುಡಿದು ಮಲಗಿದ ಮಗು ಥರ ಇದೆ ಸಾರ್," ಎಂದರು. ಹೆಂಡತಿಯೂ, "ನಂಗಂತೂ ಏನೂ ಕೇಳ್ಸಲ್ಲಪ್ಪ," ಎಂದಳು.

ನನ್ನ ಪಿತ್ತ ನೆತ್ತಿಗೇರಿತು. 'ಗ್ಯಾರೇಜೆಂಬ ಗುಹೆ' ಎಂಬ ಅಂಕಣ ಗೀಚಿ ಪತ್ರಿಕೆಗೆ ಕಳಿಸಿಬಿಟ್ಟೆ. ಇಲ್ಲದ ರೋಗ ಹೇಳುವವನಿಗಿಂತ ಇರುವ ರೋಗ ಮುಚ್ಚಿಡುವವನು ಸಮಾಜಕಂಟಕ ಎಂದು ಗುಡುಗಿದ್ದೆ. ನೀಲಿ ಷಟರನ್ನೂ ಮರೆತಿರಲಿಲ್ಲ.

ಶನಿವಾರ ನಾಡಿ ಪರೀಕ್ಷೆ ಶುರುವಾಯಿತು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೊತ್ತಿ, ಹಲ್ಲು ಕಚ್ಚಿ ಆಲಿಸಿದೆ. ಕಟಕಟ! ರೇಡಿಯೇಟರಿಗಿಟ್ಟೆ, ಕಟಕಟ. ಹೆಡ್‌ಲೈಟಿಗಿಟ್ಟರೆ ಅಲ್ಲೂ ಕಟಕಟ. ರೋಗ ಮೈಯೆಲ್ಲ ಹಬ್ಬಿತ್ತು.

"ಟೈಮಿಂಗ್ ಬೆಲ್ಟು," ಎಂದು ತೀರ್ಪು ಕೊಟ್ಟೆ. ಇಂಜಿನ್ನಿನ ಮೇಲ್ಮನೆಯನ್ನೂ ಕೆಳಮನೆಯನ್ನೂ ಒಂದೇ ತಾಳಕ್ಕೆ ಕುಣಿಸುವ ಹಲ್ಲಿನ ಪಟ್ಟಿ ಅದು. ಹರಿದರೆ ಇಂಜಿನ್ನಿಗೆ ಎಳ್ಳುನೀರು.

"ಹೋದ ವರ್ಷ ತಾನೇ ಹೊಸದು ಹಾಕ್ಸಿದ್ದು."

"ಹಾಕಿದ್ಯಾರು? ಅದೇ ಗುಹೆಯವರು!"

"ನಾಳೆ ಸಂಜೆಯೊಳಗೆ ಕಾರು ಓಡ್ಬೇಕು. ಟೈಲರಮ್ಮನ ಹೊಟ್ಟೆಪಾಡು ರೀ ಅದು."

"ಸಂಜೆ ಯಾಕೆ, ಊಟದ ಹೊತ್ತಿಗೇ ಓಡುತ್ತೆ ಬಿಡು."

ಭಾನುವಾರ ಅಂಕಣ ಅಚ್ಚಾಗಿ ಬಂತು. ಅದನ್ನು ನೆಲಕ್ಕೆ ಹಾಸಿಕೊಂಡು, ಮೊಬೈಲಿನಲ್ಲಿ ವಿಡಿಯೋ ಹಚ್ಚಿ, ಮುಂದಿನ ಗಾಲಿ ಬಿಚ್ಚಿದೆ, ಮುಚ್ಚಳ ಬಿಚ್ಚಿದೆ, ಬೆಲ್ಟು ಬಿಚ್ಚಿದೆ. 'ಬೆಲ್ಟು ಬಿಚ್ಚುವ ಮುನ್ನ ಮೇಲಿನ, ಕೆಳಗಿನ ಚಕ್ರಗಳ ಗುರುತು ಸೇರಿಸುವುದನ್ನು ಮಾತ್ರ ಮರೆಯಬೇಡಿ' ಎಂದು ವಿಡಿಯೋದವನು ಹೇಳಿದ್ದು ಅದಾದ ಮೇಲೆ! ಅಷ್ಟರಲ್ಲಿ ಮೇಲಿನ ಚಕ್ರ ಟಣ್ಣನೆ ತನ್ನಿಷ್ಟದ ಕಡೆ ತಿರುಗಿ ಕೂತಿತ್ತು. ಹಿಂದಿನ ದಿನವೇ ತಂದಿಟ್ಟಿದ್ದ ಹೊಸ ಬೆಲ್ಟು ಒಂದು ಕಡೆ ಕೂತರೆ ಇನ್ನೊಂದು ಕಡೆ ಎದ್ದಿತು.

ಕೊನೆಯ ಅಭ್ಯಾಸಕ್ಕೆಂದು ಟೈಲರಮ್ಮ ಬಂದರು. ಮೂರು ಗಾಲಿಯ ಕಾರನ್ನೂ ನನ್ನ ಕರಿ ಮೂತಿಯನ್ನೂ ನೋಡಿದರು.

"ಬಿಚ್ಚೋದು ಸುಲಭ ಅಣ್ಣ. ನನ್ನ ಅಂಗಡೀಲೂ ಅಷ್ಟೇ," ಎಂದು ಮೆಟ್ಟಿಲ ಮೇಲೆ ಕುಸಿದರು. "ನಾಳೆ ಪಾಸಾಗ್ದಿದ್ರೆ ವ್ಯಾನಿನವರು ಮಧ್ಯಾಹ್ನವೇ ಬೇರೆಯವ್ರನ್ನ ನೋಡ್ಕೋತಾರಂತೆ."

ಹಠ ಹಿಡಿದು ಬೆಲ್ಟು ಜಗ್ಗಿದೆ. ಕಟಕಟಕಟ!

"ಕೇಳಿಸ್ತಾ?" ಎಂದೆ ವಿಜಯೋತ್ಸಾಹದಿಂದ.

"ಈಗ ಕೇಳಿಸ್ತು," ಎಂದಳು ಹೆಂಡತಿ ನಿಧಾನವಾಗಿ. "ಇಂಜಿನ್ ಆಫಾಗಿದೆ. ಬೆಲ್ಟು ನಿಮ್ಮ ಕೈಲಿದೆ. ಹಾಗಾದ್ರೆ ಸದ್ದು ಮಾಡ್ತಿರೋದು ಯಾರು?"

ಹತ್ತಿರ ಬಂದು ನನ್ನ ದವಡೆಗೆ ಬೆರಳಿಟ್ಟಳು.

"ಬಾಯಿ ತೆಗೀರಿ."

ತೆಗೆದೆ. ಸದ್ದು ನಿಂತಿತು.

"ಮುಚ್ಚಿ. ಈಗ ಆ ಗ್ಯಾರೇಜಿನವ್ರಿಗೆ ಫೋನ್ ಮಾಡಿ ಕ್ಷಮೆ ಕೇಳಿ."

ಕಟಕಟ.

ಸಿಗ್ನಲ್ಲಿಗೊಂದು, ಅಡ್ಡ ನುಗ್ಗಿದವನಿಗೊಂದು, ಲೋಕಕ್ಕೆಲ್ಲ ಒಂದೊಂದು ಎಂದು ಹಲ್ಲು ಕಡಿಯುತ್ತಿದ್ದವನು ನಾನೇ. ಆ ಸದ್ದು ನನ್ನ ತಲೆಬುರುಡೆಯೊಳಗೇ ಓಡುತ್ತಿತ್ತು. ಅದಕ್ಕಾಗಿ ಸಜ್ಜನರೊಬ್ಬರ ಷಟರಿಗೆ ಮಸಿ ಬಳಿದಿದ್ದೆ.

ಫೋನ್ ಮಾಡಿದೆ. ಗ್ಯಾರೇಜಿನವರು ಪತ್ರಿಕೆಯನ್ನು ಕಂಕುಳಲ್ಲಿಟ್ಟುಕೊಂಡೇ ಬಂದರು.

"ಗುಹೆ ನಡ್ಕೊಂಡು ಬಂದಿದೆ ಸಾರ್. ಟಾರ್ಚ್ ಹಿಡೀರಿ."

ಹಿಡಿದೆ. ಅವರು ಬೆಲ್ಟು ಕೂರಿಸುವಷ್ಟು ಹೊತ್ತೂ ನನ್ನ ಅಂಕಣವನ್ನು ಟೈಲರಮ್ಮನಿಂದ ಗಟ್ಟಿಯಾಗಿ ಓದಿಸಿದರು. 'ಸಮಾಜಕಂಟಕ' ಬಂದಾಗ, "ಅದನ್ನ ಇನ್ನೊಂದ್ಸಲ ಓದಮ್ಮ," ಎಂದರು. ಕೊನೆಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿ, "ಮುಂದಿನ ವಾರ ಇದೇ ಜಾಗದಲ್ಲಿ, ಇಷ್ಟೇ ದಪ್ಪ ಅಕ್ಷರದಲ್ಲಿ ಬರ್ಬೇಕು ಸಾರ್," ಎಂದರು.

ಟೈಲರಮ್ಮ ಪಾಸಾದರು. ವ್ಯಾನು ಅವರದಾಯಿತು. ಪರೀಕ್ಷೆಗೆ ನಾನು ಹೋಗಲಿಲ್ಲ, ಕಾರಿನ ಹತ್ತಿರ ಸುಳಿಯಕೂಡದೆಂದು ಹೆಂಡತಿಯ ಆಜ್ಞೆಯಾಗಿತ್ತು.

ತಪ್ಪೊಪ್ಪಿಗೆಯನ್ನು ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ಹಾಕುವವರನ್ನು ಜನ್ಮ ಜಾಲಾಡಿದವನು ನಾನು. ಆದ್ದರಿಂದ ಕೇಳಿದ ಜಾಗದಲ್ಲಿ, ಕೇಳಿದ ದಪ್ಪದಲ್ಲಿ ಬರೆಯುತ್ತಿದ್ದೇನೆ: ನೀಲಿ ಷಟರಿನವರು ಹೇಳಿದ್ದು ಅಕ್ಷರಶಃ ಸತ್ಯ. ಇಷ್ಟು ಬರೆಯುವಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿಯ ದನಿ ಕೇಳಿಸಿತು.

"ರೀ, ಇಂಜಿನ್ ಆಫ್ ಮಾಡ್ರೀ."