ಪುಕ್ಕಟೆ ಸರ್ವರಿನ ಮೊದಲ ಹಾಳೆ

ಕಚೇರಿಯಲ್ಲಿ ಪ್ರಿಂಟರ್ ಅಂತ ಒಂದಿದ್ದರೆ ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಆ ಹೊತ್ತಿಗೆ ಅಳು ಬಂದಿರುತ್ತದೆ, ನಗು ಆಮೇಲೆ ಬರುತ್ತದೆ, ಅಷ್ಟೇ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಾಮರಾಜನಗರದಲ್ಲಿ, ಬೀಜ ಗೊಬ್ಬರ ಮಾರುವ ಒಂದು ಖಾಸಗಿ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಊರು ಆಗಷ್ಟೇ ಜಿಲ್ಲಾ ಕೇಂದ್ರವಾಗಿ ಬೀಗುತ್ತಿತ್ತು. ನಮ್ಮ ಸಾಹೇಬರು ಮೈಸೂರಿನಲ್ಲಿ, ಗೋದಾಮು ಗುಂಡ್ಲುಪೇಟೆಯಲ್ಲಿ, ತಲೆನೋವು ಮಾತ್ರ ನನ್ನ ಹತ್ತಿರ.

೧. ಎಲೆ ಅಡಿಕೆ

ಆಗ ಪ್ರಿಂಟ್ ಬೇಕಾದವರು ಫ್ಲಾಪಿ ಹಿಡಿದುಕೊಂಡು ಪ್ರಿಂಟರ್ ಇರುವ ಮೇಜಿನ ಮುಂದೆ ನ್ಯಾಯಬೆಲೆ ಅಂಗಡಿಯ ಹಾಗೆ ಸಾಲು ನಿಲ್ಲುತ್ತಿದ್ದರು. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸೀಡಿಯಿಂದ ಲಿನಕ್ಸ್ ತೆಗೆದು, ಮೂಲೆಗೆ ಬಿದ್ದಿದ್ದ ಹಳೇ ಕಂಪ್ಯೂಟರಿಗೆ ಹಾಕಿ, ಅದನ್ನು ನಾನು ಪ್ರಿಂಟ್ ಸರ್ವರ್ ಮಾಡಿದೆ. ಇನ್ನು ಮೇಲೆ ಎಲ್ಲರೂ ಕೂತಲ್ಲಿಂದಲೇ ಅದಕ್ಕೆ ಕಳಿಸಿದರೆ ಸಾಕು, ಪ್ರಿಂಟರಿಗೆ ಮುಟ್ಟಿಸುವುದು ಅದರ ಕೆಲಸ.

ಸಾಹೇಬರು ಫೋನಿನಲ್ಲಿ ಖರ್ಚೆಷ್ಟು ಎಂದು ಕೇಳಿದರು. ಏನೂ ಇಲ್ಲ ಎಂದೆ. ಅವರಿಗೆ ಗಾಬರಿಯಾಯಿತು. ಒಂದು ದಿನ ಬಂದು ಕಣ್ಣಾರೆ ನೋಡುತ್ತೇನೆ, ನನ್ನ ಎದುರಿಗೆ ಪ್ರಿಂಟ್ ಬಂದರೆ ಸರಿ, ಬರದಿದ್ದರೆ ಅದು ಗುಜರಿಗೆ, ನೀವು ಗುಂಡ್ಲುಪೇಟೆ ಗೋದಾಮಿಗೆ ಮೂಟೆ ಲೆಕ್ಕ ಮಾಡಲಿಕ್ಕೆ ಎಂದರು. ಗೊಬ್ಬರದ ಘಾಟಿಗೆ ನನಗೆ ಸೀನು ಶುರುವಾದರೆ ನಿಲ್ಲುವುದಿಲ್ಲ. ಈ ಸರ್ವರ್ ಸೋತರೆ ನನ್ನ ಮೂಗಿನ ಗತಿ ಏನು ಎಂದು ನಿಜವಾಗಿಯೂ ಹೆದರಿದೆ.

ನಮ್ಮ ಅಕೌಂಟೆಂಟ್ ದಿನಾ ಉಮ್ಮತ್ತೂರಿನಿಂದ ಬಸ್ಸಿನಲ್ಲಿ ಬರುವ ಹಿರಿಯರು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕುವ ಪೈಕಿ. ಸರ್ವರನ್ನು ಸುತ್ತಲೂ ನೋಡಿ, ನಾಟಿ ಔಷಧಿಯನ್ನೂ ಪುಕ್ಕಟೆ ತಗೊಂಡರೆ ನಾಟುವುದಿಲ್ಲ, ಇದು ಹೇಗೆ ನಾಟೀತು ಎಂದರು. ಎರಡು ವೀಳ್ಯದೆಲೆ, ಒಂದು ಅಡಿಕೆ, ಮೇಲೊಂದು ನಾಣ್ಯ ತಂದು ಸರ್ವರಿನ ತಲೆಯ ಮೇಲಿಟ್ಟು ಕೈ ಮುಗಿದರು. ಅದೇ ಗಳಿಗೆಗೆ ಮೊದಲ ಪ್ರಿಂಟ್ ಹೊರಗೆ ಬಂದುಬಿಡಬೇಕೇ! ನಾನು ವಾರವೆಲ್ಲ ಗುದ್ದಾಡಿದ್ದು ನೀರಿಗೆ ಹೋಯಿತು. ಅಂದಿನಿಂದ ಪ್ರಿಂಟರ್ ನಿಂತಾಗೆಲ್ಲ ಅವರು ಕೂತಲ್ಲಿಂದಲೇ ಹೇಳುತ್ತಿದ್ದರು: "ಎಲೆ ಬಾಡೋಗದಾ ನೋಡ್ಲಾ ಮೊದ್ಲು."

೨. ಹಂದಿಗಳಿಗೆ ಅರ್ಥವಾದದ್ದು

ಡ್ರೈವರ್ ಫೈಲು ಅಂದರೆ ದುಭಾಷಿ ಇದ್ದ ಹಾಗೆ. ಕಂಪ್ಯೂಟರ್ ಹೇಳಿದ್ದನ್ನು ಪ್ರಿಂಟರಿಗೆ ತಿಳಿಯುವಂತೆ ಹೇಳುವುದು ಅದೇ. ಒಂದೊಂದು ಪ್ರಿಂಟರಿಗೆ ಒಂದೊಂದು ಡ್ರೈವರ್. ಆ ಹೊತ್ತಿಗೆ ನಮ್ಮಲ್ಲಿ ಎರಡು ಪ್ರಿಂಟರ್ ಇದ್ದವು, ಪತ್ರಗಳಿಗೆ ಲೇಸರ್, ರಸೀದಿಗೆ ಬೇರೊಂದು. ಅದು ಸರಿಯಿಲ್ಲದಿದ್ದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಕಥೆ.

ಒಂದು ಬೆಳಗ್ಗೆ ರಸೀದಿ ಹೊಡೆಯುವ ಪ್ರಿಂಟರ್ ಕರಕರ ಎಂದು ಶುರುಮಾಡಿದ್ದು ನಿಲ್ಲಲೇ ಇಲ್ಲ. ಉದ್ದನೆಯ ಮಡಿಕೆ ಕಾಗದದ ತುಂಬ ಕೊಕ್ಕೆ, ಚುಕ್ಕಿ, ಹಲ್ಲು ಮುರಿದ ಬಾಚಣಿಗೆಯಂಥ ಗುರುತುಗಳು. ಬೀಜ ಕೊಂಡು ರಸೀದಿಗೆ ಕಾಯುತ್ತಿದ್ದ ಪುಣಜನೂರಿನ ರೈತರೊಬ್ಬರು ಅದನ್ನು ಬಹಳ ಗೌರವದಿಂದ ನೋಡಿ, ಇದು ತಮಿಳಾ ಎಂದು ವಿಚಾರಿಸಿದರು. ಅವರ ರಸೀದಿಯನ್ನು ಅಕೌಂಟೆಂಟ್ ಕೈಯಲ್ಲೇ ಬರೆದುಕೊಟ್ಟರು. ಹೋಗುವಾಗ ರೈತರು ಆ ರದ್ದಿಯನ್ನು ತಗೊಳ್ಳಲಾ ಎಂದು ಕೇಳಿ ಕಂಕುಳಲ್ಲಿ ಇಟ್ಟುಕೊಂಡು ಹೋದರು.

ತಪ್ಪು ಸಿಕ್ಕುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಸರ್ವರಿನಲ್ಲಿ ಲೇಸರ್ ಪ್ರಿಂಟರಿನ ಡ್ರೈವರ್ ಫೈಲುಗಳು ರಸೀದಿ ಪ್ರಿಂಟರಿನ ಜಾಗಕ್ಕೆ ಹೋಗಿ ಕೂತಿದ್ದವು. ಬೇರ್ಪಡಿಸಿ ಅವವುಗಳ ಮನೆಗೆ ಕಳಿಸಿದೆ. ರಸೀದಿ ಮುತ್ತಿನಂತೆ ಬರತೊಡಗಿತು. ನನಗೆ ನನ್ನ ಮೇಲೇ ಪ್ರೀತಿ ಬಂದಿತ್ತು.

ಅಷ್ಟರಲ್ಲಿ ಪುಣಜನೂರಿನವರು ಮತ್ತೆ ಬಂದರು. ಆವತ್ತಿನ ಕಾಗದವನ್ನು ಹೊಲದ ಸುತ್ತ ಕಟ್ಟಿದ್ದರಂತೆ. ಗಾಳಿಗೆ ಪಟಪಟ ಅನ್ನುತ್ತಿದ್ದರೆ ಕಾಡುಹಂದಿ ಬೇಲಿಯ ತನಕ ಬಂದು, ನೋಡಿ, ತಿರುಗಿ ಹೋದವಂತೆ. ಇನ್ನೊಂದು ಮಗ್ಗುಲಿಗೆ ಕಾಗದ ಸಾಲದೆ ಬಂದಿದ್ದರು. ಬಿಳಿ ಕಾಗದ ಕೊಡಲು ಹೋದರೆ ಬೇಡ, ಅದೇ ಬರಹ ಇರಬೇಕು ಎಂದರು. ಈಗ ಅದು ಬರುವುದಿಲ್ಲ, ರಿಪೇರಿ ಆಯಿತು ಎಂದೆ. ಅವರ ಮುಖ ಸಣ್ಣಗಾಯಿತು.

"ಸರಿ ಮಾಡ್ಬುಟ್ರಾ? ಚೆಂದಾಗಿತ್ತಲ್ಲ ಸಾ, ಯಾಕ್ ಕೆಡಿಸಕ್ಕೋದ್ರಿ?"

೩. ಉಮ್ಮತ್ತೂರಿನ ಡಿಸಿ

ನಮ್ಮ ಸರ್ವರಿಗೆ ಒಂದು ಚಾಳಿ. ಯಾರು ಏನು ಕಳಿಸಿದರೂ ಅದಕ್ಕೆ ಮೊದಲು ಒಂದು ಹಾಳೆ ಹೊರಹಾಕುತ್ತಿತ್ತು. ಅದರಲ್ಲಿ ಕಳಿಸಿದವರ ಹೆಸರು ಗೇಣುದ್ದದ ಇಂಗ್ಲಿಷ್ ಅಕ್ಷರಗಳಲ್ಲಿ, ಕೆಳಗೆ ಅಷ್ಟೇ ದೊಡ್ಡದಾಗಿ ಸರ್ವರಿನ ಹೆಸರು. ಯಾವ ಕಾಗದ ಯಾರದು ಎಂದು ಜಗಳವಾಗದಿರಲಿ ಎಂಬುದು ಅದರ ಉದ್ದೇಶ. ನಾನು ಸರ್ವರಿಗೆ ಊರಿನ ಹೆಸರನ್ನೇ ಇಟ್ಟಿದ್ದೆ, ಚಾಮರಾಜನಗರ ಅಂತ. ಬೇರೆ ಹೊಳೆದಿರಲಿಲ್ಲ.

ಕಾಗದ ದಂಡ, ಈ ಮೊದಲ ಹಾಳೆಯನ್ನು ನಿಲ್ಲಿಸುತ್ತೇನೆ ಎಂದಾಗ ಅಡ್ಡ ನಿಂತವರು ಅಕೌಂಟೆಂಟ್. ಅವರ ಹೆಸರನ್ನು ಅಷ್ಟು ದಪ್ಪಕ್ಕೆ ಯಾರೂ ಈವರೆಗೆ ಬರೆದಿರಲಿಲ್ಲ, ಅವರ ಮದುವೆ ಕಾಗದದಲ್ಲೂ. ಒಂದು ಸಾಲಿನ ಚೀಟಿಗೂ ಪ್ರಿಂಟ್ ಕೊಟ್ಟು ಮೊದಲ ಹಾಳೆಯನ್ನು ಜೋಪಾನವಾಗಿ ಮಡಚಿ ಚೀಲಕ್ಕಿಡುತ್ತಿದ್ದರು. ಚೆನ್ನಾಗಿ ಬಂದ ಒಂದನ್ನು ಊರಿಗೆ ಒಯ್ದು ಪಡಸಾಲೆಯ ಗೋಡೆಗೆ ಅಂಟಿಸಿದರು.

ಒಂದು ಸೋಮವಾರ ಕೊಂಚ ಸಂಕೋಚದಿಂದ ಬಂದು ನನ್ನ ಪಕ್ಕ ಕೂತರು. ಗೋಡೆಯ ಹಾಳೆಯಲ್ಲಿ ಮೇಲೆ ಅವರ ಹೆಸರು, ಕೆಳಗೆ ಚಾಮರಾಜನಗರ. ನೆಂಟರೊಬ್ಬರು ಅದನ್ನು ಓದಿ ಊರೆಲ್ಲ ಹೇಳಿದ್ದಾರಂತೆ. "ಒಸ ಜಿಲ್ಲೆಗೆ ನಾನೇ ಡಿಸಿ ಅನ್ಕಂಡವ್ರೆ ಕಣಪ್ಪ. ಇಬ್ರು ಅರ್ಜಿ ಕೊಟ್ಟವ್ರೆ."

ಅರ್ಜಿ ವಾಪಸ್ಸು ಕೊಟ್ಟಿರಾ ಎಂದೆ. ಇಲ್ಲ, ಪರಿಶೀಲಿಸ್ತೀನಿ ಅಂದೆ ಎಂದರು.

೪. ದೇವರಿಗೆ ಸೀಟು ಬಿಡಿ

ಸಾಹೇಬರ ತಪಾಸಣೆಯ ದಿನ ಬಂದೇಬಂತು. ಆದರೆ ಅವರು ಚಾಮರಾಜನಗರಕ್ಕೆ ಬರಲೊಲ್ಲರು. ಇಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿಗಳ ಕುರ್ಚಿ ಉಳಿಯುವುದಿಲ್ಲ ಎಂಬ ಮಾತು ಎಲ್ಲರಿಗೂ ಗೊತ್ತಿದ್ದದ್ದೇ. ಮುಖ್ಯಮಂತ್ರಿಗಳ ಕುರ್ಚಿಗೂ ಗೊಬ್ಬರದ ಕಂಪನಿಯ ಕುರ್ಚಿಗೂ ಏನು ಸಂಬಂಧ ಎಂದು ನಾವು ಕೇಳುವ ಹಾಗಿರಲಿಲ್ಲ. ಸಾಹೇಬರ ಬಡ್ತಿಯ ಕಾಗದ ಮೇಲೆ ಹೋಗಿತ್ತು. ಅವರು ಗುಂಡ್ಲುಪೇಟೆಗೆ ಬರುತ್ತಾರೆ, ಸರ್ವರನ್ನು ಅಲ್ಲಿಗೆ ತರಬೇಕು ಎಂದು ಅಪ್ಪಣೆಯಾಯಿತು.

ಸರ್ವರಿಗೆ ಹೊಸ ಜಮಖಾನ ಸುತ್ತಿ ಹಗ್ಗ ಕಟ್ಟಿದೆವು. ಅಕೌಂಟೆಂಟ್ ಹೊಸ ಎಲೆ ಅಡಿಕೆ ಸಿಕ್ಕಿಸಿದರು. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಲಗೇಜ್ ಟಿಕೆಟ್ ಹರಿಯಲು ಬಂದವರು ಎಲೆ ಅಡಿಕೆ ಕಂಡು ಕೈ ಹಿಂದೆ ತಗೊಂಡರು. ಯಾವೂರ ದೇವರು ಎಂದು ಮೆಲ್ಲಗೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕೌಂಟೆಂಟ್, ಮೈಸೂರಿನವರು ನೋಡಬೇಕು ಅಂದವರೆ, ಅದಕ್ಕೆ ಹೊರಟದೆ ಎಂದರು. ಸುಳ್ಳೇನೂ ಅಲ್ಲ.

"ಮುಂದ್ಗಡೆ ಸೀಟು ಬುಡ್ರಪ್ಪ, ದೇವ್ರು ಬತ್ತಾ ಅದೆ," ಎಂದು ಕಂಡಕ್ಟರ್ ಜಾಗ ಮಾಡಿಸಿದರು. ತೆರಕಣಾಂಬಿ ದಾಟುವಷ್ಟರಲ್ಲಿ ಪ್ರಿಂಟ್ ಸರ್ವರಿನ ಮುಂದೆ ಎರಡು ಬಾಳೆಹಣ್ಣು ಬಿದ್ದಿದ್ದವು. ದೇವರಿಗೆ ಸೀಟು ಸಿಕ್ಕಿತು, ನಾನೂ ಅಕೌಂಟೆಂಟೂ ನಿಂತೇ ಹೋದೆವು.

೫. ಸಾಹೇಬರು ಬಂದರು

ಗೋದಾಮಿನಲ್ಲಿ ಮೂಟೆಗಳ ಮೇಲೆ ಹಲಗೆ ಹಾಕಿ ಸರ್ವರ್ ಕೂರಿಸಿದೆ. ಸೀನುತ್ತಲೇ ವೈರು ಕೂಡಿಸಿದೆ. ಅಲ್ಲಿನ ಪ್ರಿಂಟರ್ ಹೊಸದು, ಅದರ ಡ್ರೈವರ್ ನನ್ನ ಸರ್ವರಿನಲ್ಲಿ ಇರಲಿಲ್ಲ. ಪ್ರಿಂಟರಿನ ಜೊತೆ ಫ್ಲಾಪಿ ಬಂದಿರಬೇಕಲ್ಲ ಎಂದು ಗೋದಾಮು ನೋಡಿಕೊಳ್ಳುವವರನ್ನು ಕೇಳಿದೆ.

"ಆ ಚೌಕದ್ದಾ? ಅದು ದೇವ್ರತ್ರ ಅದೆ," ಎಂದು ಗೋಡೆಯ ಪಟದತ್ತ ಕೈ ತೋರಿಸಿದರು. ಆಯುಧಪೂಜೆಗೆ ಇಟ್ಟದ್ದನ್ನು ತೆಗೆದಿರಲಿಲ್ಲ. ಅದಕ್ಕೆ ಅರಿಶಿನದ ದಾರ, ಗಂಧ, ಕುಂಕುಮ, ಒಣಗಿದ ಚೆಂಡು ಹೂ. ಹೊರಗೆ ಸಾಹೇಬರ ಕಾರು ನಿಂತ ಸದ್ದಾಯಿತು. ಫ್ಲಾಪಿಯನ್ನು ಒರೆಸಿ ಸರ್ವರಿಗೆ ಹಾಕಿದೆ, ಅದು ಓದಲಿಲ್ಲ. ಅಂಗಿಯ ತುದಿಯಿಂದ ಇನ್ನೊಮ್ಮೆ ಒರೆಸಿದೆ. ನನ್ನ ಮುಂದಿನ ಆಯುಷ್ಯವೆಲ್ಲ ಆ ಘಾಟಿನಲ್ಲಿ ಸೀನುತ್ತಾ ಕಳೆಯುವ ಚಿತ್ರ ಕಣ್ಣ ಮುಂದೆ ಬಂತು. ಎರಡನೇ ಸಲ ಓದಿತು. ಫೈಲುಗಳನ್ನು ಅವುಗಳ ಜಾಗಕ್ಕೆ ಹಾಕಿ ಏಳುವುದಕ್ಕೂ ಸಾಹೇಬರು ಒಳಗೆ ಬರುವುದಕ್ಕೂ ಸರಿಹೋಯಿತು.

ಅವರು ಯಾರನ್ನೂ ನಂಬದೆ ಗೋದಾಮಿನ ಕಂಪ್ಯೂಟರಿನಲ್ಲಿ ತಮ್ಮ ಹೆಸರಿನಲ್ಲೇ ಲಾಗಿನ್ ಆಗಿ, ನಾಲ್ಕು ಸಾಲು ಹೊಡೆದು ಪ್ರಿಂಟ್ ಕೊಟ್ಟರು. ಪ್ರಿಂಟರ್ ಗುರುಗುಟ್ಟಿತು. ನನ್ನ ಎದೆ ಹಗುರಾಯಿತು. ಆಮೇಲೆ ನೆನಪಾಯಿತು, ಮೊದಲ ಹಾಳೆ.

ಬಂತು. ಮೇಲೆ ಸಾಹೇಬರ ಹೆಸರು ಗೇಣುದ್ದ. ಕೆಳಗೆ ಅಷ್ಟೇ ದಪ್ಪವಾಗಿ: ಚಾಮರಾಜನಗರ.

ಸಾಹೇಬರು ಮೂಟೆಯ ಮೇಲೆ ಕೂತುಬಿಟ್ಟರು. "ನಾನು ಆ ಊರಿಗೆ ಕಾಲೇ ಇಟ್ಟಿಲ್ವಲ್ರೀ," ಎಂದರು.

ಅಕೌಂಟೆಂಟ್ ಸಮಾಧಾನ ಹೇಳಿದರು: "ಕಾಲಿಕ್ಕಿಲ್ಲ ಬುಡಿ ಸಾ, ಎಸ್ರು ಒಂದೇ ಓಗಿರದು."

ಸಾಹೇಬರು ಸರ್ವರಿನ ಬಗ್ಗೆ ಸರಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ, ಕಾಫಿಯನ್ನೂ ಕುಡಿಯದೆ ಹೊರಟರು. ನನ್ನ ಗೋದಾಮು ವಾಸ ಖಾಯಂ ಎಂದುಕೊಂಡು ಮೂಗಿಗೆ ಕಟ್ಟಿಕೊಳ್ಳಲು ಬಟ್ಟೆ ಹುಡುಕಿದೆ.

ತೀರ್ಮಾನ ಬರುವ ತನಕ ಇರಲೆಂದು ಸರ್ವರನ್ನು ಚಾಮರಾಜನಗರಕ್ಕೇ ವಾಪಸ್ಸು ತಂದೆವು. ತಿಂಗಳಾಗುವ ಮೊದಲೇ ಸಾಹೇಬರಿಗೆ ಬಡ್ತಿ ಬಂತು. ಹೊಸ ಜಿಲ್ಲೆಗೆಂದು ಹೊಸದಾಗಿ ದರ್ಜೆ ಏರಿಸಿದ ಕಚೇರಿಗೇ ಮುಖ್ಯಸ್ಥರು. ಅಂದರೆ ನಮ್ಮ ಚಾಮರಾಜನಗರಕ್ಕೇ. ಫೋನು ಬಂದಾಗ ದನಿ ತಗ್ಗಿತ್ತು. ತಾವು ಗುಂಡ್ಲುಪೇಟೆಯಲ್ಲೇ ಕೂತು ಕಳಿಸಿದರೆ ಕಾಗದ ಚಾಮರಾಜನಗರದಲ್ಲಿ ಹೊರಗೆ ಬರುವ ಹಾಗೆ ಮಾಡಲು ಆಗುತ್ತದೆಯೇ ಎಂದು ಕೇಳಿದರು. ಮೋಡೆಮ್ ಹಾಕಿ ಫೋನ್ ಲೈನಿನಲ್ಲಿ ಮಾಡಬಹುದು ಸರ್, ಆದರೆ ಈ ಸರ್ವರೇ ಬೇಕು ಎಂದೆ. ಅದನ್ನು ಯಾರೂ ಮುಟ್ಟಕೂಡದು, ನೀವೂ ಅಲ್ಲೇ ಇರಿ ಎಂದರು. ನನ್ನ ಮೂಗು ಬದುಕಿತು.

ಮಾರನೇ ವಾರದಿಂದ ದಿನಾ ಬೆಳಗ್ಗೆ ಗುಂಡ್ಲುಪೇಟೆಯಿಂದ ಸಾಹೇಬರ ಆದೇಶ ಬರುತ್ತಿತ್ತು. ಅದಕ್ಕೂ ಮೊದಲು, ರೂಢಿಯಂತೆ, ಮೊದಲ ಹಾಳೆ. ಅಕೌಂಟೆಂಟ್ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಸಾಹೇಬರ ಖಾಲಿ ಕುರ್ಚಿಗೆ ಒರಗಿಸಿಟ್ಟು, ಫ್ಯಾನ್ ಹಾಕಿ, ನಮ್ಮ ಕಡೆ ತಿರುಗುತ್ತಿದ್ದರು.

"ಎದ್ ನಿಂತ್ಕಳ್ರಪ್ಪ, ಸಾಹೇಬ್ರು ಬಂದ್ರು."