ಪುಟ್ಟತಾಯಮ್ಮನವರ ಪಾತ್ರೆ, ನನ್ನ ಹೆಸರು

ಪುಕ್ಕಟೆ ಸಿಕ್ಕಿದ್ದನ್ನು ನಾಲ್ಕು ದಿನ ಬಳಸಿದರೆ ಸಾಕು, ಅದು ನನ್ನದೇ ಎನ್ನಿಸಿಬಿಡುವ ಕೆಟ್ಟ ಗುಣ ನನಗಿದೆ. ಪಿರಿಯಾಪಟ್ಟಣದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ನಾನು, ಹೊಗೆಸೊಪ್ಪು ಬೇಯಿಸುವ ರೈತರಿಗೆಂದು ಒಂದು ಆ್ಯಪ್ ಮಾಡಿದೆ. ಸೊಪ್ಪು ಬೇಯಿಸುವ ಮನೆ, ಅಂದರೆ ಬ್ಯಾರನ್ನಿನೊಳಗೆ ಯಾವ ಹೊತ್ತಿಗೆ ಎಷ್ಟು ಶಾಖವಿರಬೇಕೆಂದು ಅದು ಗೆರೆ ಎಳೆದು ತೋರಿಸುತ್ತದೆ. ಗೆರೆ ಎಳೆಯುವ ಭಾಗ ಮಾತ್ರ ನಾನು ಬರೆದದ್ದಲ್ಲ. ಯಾವುದೋ ದೇಶದವನೊಬ್ಬ ಬರೆದು, ‘ಯಾರು ಬೇಕಾದರೂ ಬಳಸಿಕೊಳ್ಳಿ, ನನ್ನ ಹೆಸರಿರುವ ಲೈಸೆನ್ಸ್ ಹಾಳೆ ಜೊತೆಗಿರಲಿ’ ಎಂದು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದ. ಆ ಹಾಳೆಯನ್ನು ಕಸವೆಂದು ಕಿತ್ತುಹಾಕಿ, ಮೊದಲ ಪುಟದಲ್ಲಿ ನನ್ನ ಹೆಸರೊಂದನ್ನೇ ದಪ್ಪಕ್ಷರದಲ್ಲಿ ಹಾಕಿಕೊಂಡೆ.

ಒಂದು ದಿನ ಆತನ ಮೇಲ್ ಬಂತು. ಬೈಗುಳವಿರಲಿಲ್ಲ. ‘ನನ್ನ ಕೆಲಸ ನಿಮ್ಮೂರಿಗೆ ಉಪಯೋಗವಾಗಿದ್ದು ಸಂತೋಷ, ಹಾಳೆಯನ್ನು ವಾಪಸ್ ಸೇರಿಸಿ, ಇಲ್ಲವೇ ಬಳಸುವುದನ್ನು ನಿಲ್ಲಿಸಿ’ ಎಂದಷ್ಟೇ. ಕೊಟ್ಟ ಮೇಲೆ ಹೆಸರಿನ ಹಂಬಲವೇಕೆ ಎಂದು ನನಗೇ ಸಿಟ್ಟು ಬಂತು. ಎರಡು ಸಂಜೆ ತಾರಸಿಯ ಮೇಲೆ ಕೂತೆ. ಬ್ಯಾರನ್ನುಗಳ ಕಡೆಯಿಂದ ಬೆಂದ ಸೊಪ್ಪಿನ ಸಿಹಿ ವಾಸನೆ ತೇಲಿ ಬರುತ್ತಿತ್ತು. ಅವನ ಊರಿನಲ್ಲಿ ಈಗ ಬೆಳಗಾಗುತ್ತಿರಬಹುದೆ, ಅವನ ಹೆಂಡತಿಯೂ ‘ಎಷ್ಟೊತ್ತು ಅದ್ರ ಮುಂದೆ ಕೂರ್ತೀರಿ’ ಎನ್ನುತ್ತಾಳೆಯೆ ಎಂದು ಕನಸು ಕಾಣುತ್ತ ಉತ್ತರ ಬರೆಯುವುದನ್ನು ಮುಂದೂಡಿದೆ.

ಮೂರನೆಯ ದಿನ ಪಕ್ಕದ ಮನೆಯ ಪುಟ್ಟತಾಯಮ್ಮ ತಮ್ಮ ಸ್ಟೀಲ್ ಪಾತ್ರೆ ಕೇಳಿಕೊಂಡು ಬಂದರು. ನಮ್ಮ ಗೃಹಪ್ರವೇಶಕ್ಕೆ ಅವರಿಂದ ಎರವಲು ತಂದ ಪಾತ್ರೆ ನಮ್ಮಲ್ಲೇ ಉಳಿದಿತ್ತು. ಹಿಂದಿನ ವಾರ ಪಾತ್ರೆಗೆ ಹೆಸರು ಕೊರೆಯುವವನು ಬೀದಿಗೆ ಬಂದಾಗ, ಅಡುಗೆಮನೆಯಲ್ಲಿದ್ದುದನ್ನೆಲ್ಲ ನಾನು ಅವನ ಮುಂದೆ ತಂದಿಟ್ಟಿದ್ದೆ. ಇದರ ಮಾಸಿದ ಅಕ್ಷರಗಳ ಮೇಲೆಯೇ ಅವನು ನನ್ನ ಹೆಸರು ಕೊರೆದಿದ್ದ. ಪಾತ್ರೆ ತಂದುಕೊಟ್ಟಾಗ ಪುಟ್ಟತಾಯಮ್ಮ ಆ ಜಾಗವನ್ನು ಬೆರಳಿನಿಂದ ಸವರಿದರು.

“ನಮ್ಮವ್ವನ ಎಸ್ರು ಕಣಪ್ಪ ಅದು. ಬಳಸ್ಕೊಳ್ಳಕ್ಕೆ ನಾನೇನಾರ ಬ್ಯಾಡ ಅಂದ್ನಾ? ಎಸ್ರು ಯಾಕಪ್ಪ ಅಳಿಸ್ದೆ?”

“ಗೊತ್ತಾಗ್ಲಿಲ್ಲ ಕಣಮ್ಮ. ಒಸಾದು ತಂದು ನಿಮ್ಮವ್ವನ ಎಸ್ರೇ ಕೊರಿಸ್ಕೊಡ್ತೀನಿ.”

“ಒಸ ಪಾತ್ರೇಲಿ ನಮ್ಮವ್ವ ಯಾವತ್ತು ಅಡ್ಗೆ ಮಾಡಿದ್ಲು? ಬುಡು,” ಎಂದು ಹಳೆಯದನ್ನೇ ಎದೆಗೊತ್ತಿಕೊಂಡು ಹೋದರು. ನನಗೆ ಬಹಳ ನಾಚಿಕೆಯಾಯಿತು.

ಅವತ್ತೇ ಹಾಳೆಯನ್ನು ಆ್ಯಪಿಗೆ ಸೇರಿಸಿ, ತಪ್ಪಾಯಿತೆಂದು ಆತನಿಗೆ ಬರೆದೆ. ಆ ಹಾಳೆ ಓದಿ ನೋಡಿದರೆ ಅವನೂ ಇನ್ನಾರಾರದೋ ಕೆಲಸ ಬಳಸಿ, ಅವರ ಹೆಸರನ್ನೆಲ್ಲ ಜೋಪಾನವಾಗಿ ಉಳಿಸಿಕೊಂಡಿದ್ದ. ಈಗ ಆ್ಯಪಿನಲ್ಲಿ ಅವರೆಲ್ಲರ ಕೆಳಗೆ ನನ್ನ ಹೆಸರು ತೆಪ್ಪಗೆ ಕೂತಿದೆ.

ಆದರೆ ಕೊರೆದದ್ದನ್ನು ಅಳಿಸಲಾಗದು. ಪುಟ್ಟತಾಯಮ್ಮ ಆ ಪಾತ್ರೆಯಲ್ಲಿ ಯಾರ ಮನೆಗೆ ಸಾರು ಕಳಿಸಿದರೂ, ಅವರು ಹೆಸರು ಓದಿ ಅದನ್ನು ನಮ್ಮ ಮನೆಗೇ ತಂದುಕೊಡುತ್ತಾರೆ. ಆ್ಯಪಿನ ಲೈಸೆನ್ಸನ್ನು ಇವತ್ತಿನವರೆಗೆ ಒಬ್ಬ ರೈತನೂ ಓದಿಲ್ಲ. ಪಾತ್ರೆಯ ಲೈಸೆನ್ಸನ್ನು ಮಾತ್ರ, “ಇದು ನಂದಲ್ಲ ಕಣ್ರೀ, ಪುಟ್ಟತಾಯಮ್ಮೋರ ಅವ್ವಂದು” ಎಂದು ವಾರಕ್ಕೆರಡು ಸಲ ನಾನೇ ಬಾಯಿಬಿಟ್ಟು ಹೇಳುತ್ತಿದ್ದೇನೆ.